ಮನೆಯ ಕಾವನ್ನು ಹೊರಹಾಕುವ ಫ್ಯಾನ್: ನಿದ್ದೆ ಕೆಡಿಸದಂಥದ್ದನ್ನು ಆರಿಸುವುದು ಹೇಗೆ?

ಏಪ್ರಿಲ್‌ನಲ್ಲಿ ದಾವಣಗೆರೆಯ ಮಧ್ಯಾಹ್ನ 37–38 ಡಿಗ್ರಿ ಮುಟ್ಟುತ್ತದೆ. ಮರುದಿನ ಬೆಳಗಿನ ಜಾವಕ್ಕೆ ಅದೇ ಊರು 22–23 ಡಿಗ್ರಿಗೆ ಇಳಿದಿರುತ್ತದೆ. ಚಿತ್ರದುರ್ಗ ಇನ್ನೂ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅಲ್ಲಿ ಹಗಲಿನ ಬಿಸಿ ಒಂದೆರಡು ಡಿಗ್ರಿ ಕಡಿಮೆ. ಹಗಲು ರಾತ್ರಿಗಳ ನಡುವಿನ ಈ ದೊಡ್ಡ ಅಂತರ ಬಯಲುಸೀಮೆಯವರ ಪಾಲಿಗೆ ಬಂದ ಭಾಗ್ಯ. ಕರಾವಳಿಯಲ್ಲಿ ಇದು ಇಲ್ಲ. ಅಲ್ಲಿ ರಾತ್ರಿಯೂ ಸೆಕೆ, ರಾತ್ರಿಯೂ ಬೆವರು. ಹಾಗಿದ್ದರೂ ನಮ್ಮ ಎರಡೂ ಊರುಗಳಲ್ಲಿ ಬೇಸಿಗೆಯ ರಾತ್ರಿ ಜನ ಹಾಸಿಗೆಯ ಮೇಲೆ ಹೊರಳಾಡುತ್ತಾರೆ. ತಂಪು ಹೊರಗೇ ಉಳಿಯುತ್ತದೆ, ಕಾವು ಒಳಗೇ ಕೂರುತ್ತದೆ.

ಕಾರಣ ತಲೆಯ ಮೇಲೆಯೇ ಇದೆ. ಸಾವಿರ ಚದರಡಿ ಮನೆಯ ಐದು ಇಂಚಿನ ಆರ್‌ಸಿಸಿ ತಾರಸಿ ಎಂದರೆ ಸುಮಾರು 28 ಟನ್ ಕಾಂಕ್ರೀಟು. ಹಗಲೆಲ್ಲ ಬಿಸಿಲು ಕುಡಿದ ಆ ರಾಶಿ ತನ್ನ ಕಾವನ್ನು ಕೆಳಗೆ ಬಿಡುವುದು ನಾಲ್ಕೈದು ಗಂಟೆ ತಡವಾಗಿ. ಅಂದರೆ ಸಂಜೆಯಿಂದ ಶುರುವಾಗಿ ನಾವು ಊಟ ಮುಗಿಸಿ ಮಲಗುವ ಹೊತ್ತಿನವರೆಗೂ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸೂರಿಗೆ ಅಂಗೈ ಒತ್ತಿ ನೋಡಿ, ಒಳಗೋಡೆಗಿಂತ ಅದು ಬಿಸಿಯಾಗಿರುವುದು ಚೆನ್ನಾಗಿ ಗೊತ್ತಾಗುತ್ತದೆ. ಸೀಲಿಂಗ್ ಫ್ಯಾನ್ ಆ ಸೂರಿನಡಿಯ ಬಿಸಿ ಗಾಳಿಯನ್ನೇ ಕಲಕಿ ಕೆಳಗೆ ತಳ್ಳುತ್ತದೆ. ಮೈಮೇಲಿನ ಬೆವರು ಆರುತ್ತದೆ ನಿಜ, ಆದರೆ ಕೋಣೆ ತಣಿಯುವುದಿಲ್ಲ.

ಚಳ್ಳಕೆರೆ, ಹಿರಿಯೂರು ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ನೆತ್ತಿಯ ಮೇಲೆ ಗವಾಕ್ಷಿ ಇರುತ್ತಿತ್ತು. ಒಲೆಯ ಹೊಗೆ, ಬಿಸಿ ಗಾಳಿ ಎರಡೂ ತಾವಾಗಿ ಮೇಲೇರಿ ಅದರಿಂದ ಆಚೆ ಹೋಗುತ್ತಿದ್ದವು. ಆರ್‌ಸಿಸಿ ಬಂದಾಗ ಆ ದಾರಿ ಮುಚ್ಚಿಹೋಯಿತು. ಅಮೆರಿಕದ ಮನೆಗಳಲ್ಲಿ ‘ಹೋಲ್ ಹೌಸ್ ಫ್ಯಾನ್’ ಎಂದು ಕರೆಯುವ ಸಾಧನ ಮಾಡುವುದು ಇದೇ ಕೆಲಸವನ್ನು, ಆದರೆ ವಿದ್ಯುತ್ತಿನ ಬಲದಿಂದ. ಸಂಜೆ ಕಿಟಕಿಗಳನ್ನು ತೆರೆದು ಒಂದೇ ಒಂದು ದೊಡ್ಡ ಫ್ಯಾನ್ ಹಾಕಿದರೆ ಅದು ಮನೆಯ ಬಿಸಿ ಗಾಳಿಯನ್ನೆಲ್ಲ ಮೇಲಿನಿಂದ ಹೊರಗೆಳೆಯುತ್ತದೆ, ಕಿಟಕಿಗಳಿಂದ ತಂಗಾಳಿ ತಾನಾಗಿ ಒಳಬರುತ್ತದೆ. ಅಲ್ಲಿ ಇಳಿಜಾರು ಸೂರು, ಅದರ ಕೆಳಗೆ ಅಟ್ಟ ಇರುವುದರಿಂದ ಫ್ಯಾನನ್ನು ಅಟ್ಟದ ನೆಲಕ್ಕೆ ಕೂರಿಸುತ್ತಾರೆ. ನಮ್ಮದು ಚಪ್ಪಟೆ ತಾರಸಿ. ತತ್ವ ಒಂದೇ, ಕೂರಿಸುವ ಜಾಗ ಮತ್ತು ಕೊಳ್ಳುವ ಯಂತ್ರ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ದೊಡ್ಡದನ್ನು ಕೊಳ್ಳಿ, ನಿಧಾನವಾಗಿ ಓಡಿಸಿ, ಮಲಗುವ ಕೋಣೆಯಿಂದ ದೂರ ಇಡಿ. ಈ ಮೂರೂ ಕೂಡಿದರೆ ಮಾತ್ರ ಮನೆ ತಂಪಾಗಿಯೂ ಸದ್ದಿಲ್ಲದೆಯೂ ಇರುತ್ತದೆ.

ಎಷ್ಟು ಗಾಳಿ ಬೇಕು?

ಸಾವಿರ ಚದರಡಿ, ಹತ್ತು ಅಡಿ ಎತ್ತರದ ಮನೆಯಲ್ಲಿ ಹತ್ತು ಸಾವಿರ ಘನ ಅಡಿ ಗಾಳಿ ಇರುತ್ತದೆ, ಮೀಟರ್ ಲೆಕ್ಕದಲ್ಲಿ ಸುಮಾರು 283 ಘನ ಮೀಟರ್. ಅಷ್ಟೂ ಗಾಳಿ ಗಂಟೆಗೆ ಹತ್ತರಿಂದ ಹದಿನೈದು ಸಲ ಬದಲಾದರೆ ನಮ್ಮ ಕಡೆಯ ಹವೆಗೆ ಸಾಕು. 450 ಮಿಲಿಮೀಟರ್ ಅಗಲದ, ಅಂದರೆ ಅಂಗಡಿಯವರು ‘ಹದಿನೆಂಟು ಇಂಚು’ ಎನ್ನುವ, 900 ಆರ್‌ಪಿಎಂನ (ನಿಮಿಷಕ್ಕೆ 900 ಸುತ್ತು ತಿರುಗುವ) ಎಕ್ಸಾಸ್ಟ್ ಫ್ಯಾನ್ ಗಂಟೆಗೆ ನಾಲ್ಕು ಸಾವಿರ ಘನ ಮೀಟರಿನ ಆಸುಪಾಸು ಗಾಳಿ ಎಳೆಯುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ಯಾವ ಅಡ್ಡಿಯೂ ಇಲ್ಲದಾಗಿನ ಅಂಕಿ. ಹೊರಗಿನ ಲೂವರ್ (ಗಾಳಿಗೆ ತೆರೆದು ಮುಚ್ಚುವ ತಗಡಿನ ಪಟ್ಟಿಗಳು), ಹಕ್ಕಿ ತಡೆಯುವ ಜಾಲರಿ, ಕಿಟಕಿಯ ಸೊಳ್ಳೆ ಜಾಲರಿ ಇವೆಲ್ಲ ಸೇರಿ ಕಾಲು ಭಾಗ ತಿನ್ನುತ್ತವೆ ಎಂದುಕೊಳ್ಳಿ. ಉಳಿದ ಮೂರು ಸಾವಿರ ಚಿಲ್ಲರೆ ಘನ ಮೀಟರ್ ಮನೆಯ ಗಾಳಿಯನ್ನು ಐದಾರು ನಿಮಿಷಕ್ಕೊಮ್ಮೆ ಪೂರ್ತಿ ಬದಲಿಸುತ್ತದೆ.

ಇದರಿಂದ ಎಷ್ಟು ತಂಪು ಸಿಗುತ್ತದೆ? ಹೊರಗಿನ ಗಾಳಿ ಒಳಗಿನದಕ್ಕಿಂತ ಐದು ಡಿಗ್ರಿ ತಣ್ಣಗಿದ್ದರೆ ಗಂಟೆಗೆ ಮೂರು ಸಾವಿರ ಘನ ಮೀಟರ್ ಗಾಳಿ ಹೊತ್ತೊಯ್ಯುವ ಶಾಖ ನಾಲ್ಕೂವರೆ ಕಿಲೋವಾಟ್. ಒಂದು ಟನ್ ಏಸಿ ತೆಗೆಯುವುದು ಮೂರೂವರೆ ಕಿಲೋವಾಟ್. ಅಂದರೆ ಇನ್ನೂರು ವಾಟ್ ಒಳಗಿನ ಫ್ಯಾನ್ ಆ ಹೊತ್ತಿನಲ್ಲಿ ಒಂದು ಟನ್ ಏಸಿಗಿಂತ ಹೆಚ್ಚು ಶಾಖವನ್ನು ಮನೆಯಿಂದ ಹೊರಹಾಕುತ್ತದೆ. ಈ ಲೆಕ್ಕವನ್ನು ಯಾರು ಬೇಕಾದರೂ ಕೂತು ಹಾಕಬಹುದು. ಹಾಕಿ ನೋಡಿದವರಿಗೆ ಇಷ್ಟು ಸರಳ ಉಪಾಯವನ್ನು ನಮ್ಮ ಊರುಗಳಲ್ಲಿ ಮನೆ ಕಟ್ಟುವವರು ಯೋಚಿಸುವುದೇ ಇಲ್ಲವಲ್ಲ ಎಂದು ಬೇಸರವಾಗುತ್ತದೆ.

ಒಂದು ಷರತ್ತನ್ನು ಮರೆಯಬಾರದು. ಹೊರಗೆ ತಂಪಾದ ಮೇಲೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹಾಕಿದರೆ ಬೀದಿಯ ಝಳವನ್ನೇ ಮನೆಯೊಳಗೆ ಎಳೆದುಕೊಂಡಂತಾಗುತ್ತದೆ. ಒಳಗೊಂದು, ಹೊರಗೆ ನೆರಳಿನಲ್ಲಿ ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಹೊರಗಿನದು ಎರಡು ಡಿಗ್ರಿ ಕೆಳಗಿಳಿದ ಮೇಲೆ ಸ್ವಿಚ್ ಹಾಕಿ. ಬೇಸಿಗೆಯಲ್ಲಿ ದಾವಣಗೆರೆಯ ಬಯಲಿನ ಬಡಾವಣೆಗಳಲ್ಲಿ ಇದು ಏಳೂವರೆ, ಎಂಟರ ಹೊತ್ತು. ಚಿತ್ರದುರ್ಗದಲ್ಲಿ ಕೋಟೆಯ ಬುಡಕ್ಕೆ ಅಂಟಿಕೊಂಡಂತಿರುವ ಮನೆಗಳಲ್ಲಿ ಇನ್ನೂ ತಡವಾಗಬಹುದು, ಬಂಡೆ ಕಾವು ಬಿಡುವುದು ನಿಧಾನ.

ಸದ್ದಿನ ಮಾತು

ಎಕ್ಸಾಸ್ಟ್ ಫ್ಯಾನ್ ಎಂದರೆ ಹೋಟೆಲಿನ ಅಡುಗೆಮನೆಯ ಭೋರ್ಗರೆತ ನೆನಪಾಗುವುದು ಸಹಜ. ಅಲ್ಲಿರುವುದು ಸಾಮಾನ್ಯವಾಗಿ 1400 ಆರ್‌ಪಿಎಂನವು. ಫ್ಯಾನಿನ ಸದ್ದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ರೆಕ್ಕೆಯ ವೇಗ. ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಗಾಳಿಯ ಪ್ರಮಾಣವೂ ವೇಗದೊಂದಿಗೆ ಇಳಿಯುತ್ತದೆ, ಆದರೆ ಅರ್ಧಕ್ಕೆ ಮಾತ್ರ. ಫ್ಯಾನಿನ ಅಗಲ ಹೆಚ್ಚಾದರೆ ಮಾತ್ರ ಗಾಳಿ ಅಗಲದ ಘನದಷ್ಟು ಏರುತ್ತದೆ. ಒಂದೇ ವಿನ್ಯಾಸದ, ಒಂದೇ ವೇಗದ ಎರಡು ಫ್ಯಾನುಗಳಲ್ಲಿ ಹದಿನೆಂಟು ಇಂಚಿನದು ಹನ್ನೆರಡು ಇಂಚಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ಎಳೆಯುತ್ತದೆ.

ಈ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿ. ಹದಿನೆಂಟು ಇಂಚಿನ 900 ಆರ್‌ಪಿಎಂ ಫ್ಯಾನನ್ನು ಅರ್ಧ ವೇಗಕ್ಕೆ ಇಳಿಸಿದರೂ ಅದು ಹನ್ನೆರಡು ಇಂಚಿನ 1400 ಆರ್‌ಪಿಎಂ ಫ್ಯಾನಿನಷ್ಟೇ ಗಾಳಿ ಎಳೆಯುತ್ತದೆ, ಸದ್ದು ಮಾತ್ರ ಹನ್ನೆರಡು ಡೆಸಿಬಲ್‌ನಷ್ಟು ಕಡಿಮೆ. ‘ಚಿಕ್ಕದಾದರೆ ಸದ್ದು ಕಡಿಮೆ’ ಎಂದುಕೊಂಡು ಸಣ್ಣ ಫ್ಯಾನ್ ತಂದು ಪೂರ್ಣ ವೇಗದಲ್ಲಿ ಓಡಿಸುವವರು ಇದನ್ನು ಗಮನಿಸಬೇಕು. ಹದಿನೆಂಟು ಇಂಚಿನದೂ ಪೂರ್ಣ ವೇಗದಲ್ಲಿ ಮೌನಿಯೇನಲ್ಲ. ಎಂಟರಿಂದ ಹತ್ತರವರೆಗೆ, ಊಟ ಮಾತುಕತೆಗಳ ಹೊತ್ತಿನಲ್ಲಿ ಅದನ್ನು ಪೂರ್ಣ ವೇಗದಲ್ಲಿ ಓಡಿಸಿ ಗೋಡೆ ಸೂರುಗಳ ಕಾವು ಇಳಿಸಿಕೊಳ್ಳುವುದು, ಮಲಗುವಾಗ ವೇಗ ತಗ್ಗಿಸುವುದು: ಹೀಗೆ ಬಳಸಬೇಕು. 700 ಆರ್‌ಪಿಎಂನ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು, ಕೇಳಿ ತರಿಸಿಕೊಳ್ಳಬೇಕಾಗಬಹುದು.

ವೇಗ ತಗ್ಗಿಸುವ ವಿಧಾನದಲ್ಲಿಯೂ ಎಚ್ಚರ ಬೇಕು. ಸೀಲಿಂಗ್ ಫ್ಯಾನಿನ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಇದಕ್ಕೆ ಜೋಡಿಸಿದರೆ ಮೋಟಾರು ಗುಂಯ್‌ಗುಡುತ್ತದೆ. ಅಷ್ಟು ಕರೆಂಟನ್ನು ತಡೆದುಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ಆ ಮೋಟಾರಿಗೆ ವೇಗ ನಿಯಂತ್ರಣ ಒಗ್ಗುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿ, ಅದರ ವಾಟ್‌ಗೆ ತಕ್ಕ ಹಂತಹಂತದ ರೆಗ್ಯುಲೇಟರ್ ಹಾಕಿಸಿ. ಬಿಎಲ್‌ಡಿಸಿ ಮೋಟಾರಿನ, ಅಂದರೆ ವೇಗವನ್ನು ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟೇ ನಿಯಂತ್ರಿಸುವ, ಫ್ಯಾನ್ ನಿಮ್ಮ ಅಳತೆಯಲ್ಲಿ ಸಿಕ್ಕರೆ ಈ ತಲೆನೋವೇ ಇಲ್ಲ. ಬಿಎಲ್‌ಡಿಸಿಯನ್ನು ಕರೆಂಟ್ ಉಳಿತಾಯಕ್ಕೆಂದು ಮಾರುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಗುಣ ಬೇರೆ: ಎಷ್ಟೇ ನಿಧಾನಕ್ಕೆ ಇಳಿಸಿದರೂ ಅದು ಗುನುಗುವುದಿಲ್ಲ.

ಇನ್ನುಳಿದ ಸದ್ದು ಕಂಪನದ್ದು. ಫ್ಯಾನಿನ ಚೌಕಟ್ಟನ್ನು ನೇರ ಗೋಡೆಗೆ ಬೋಲ್ಟ್ ಮಾಡಿದರೆ ಇಡೀ ಗೋಡೆಯೇ ಗುಂಯ್ ಎನ್ನುತ್ತದೆ. ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತಲೂ ಅರ್ಧ ಇಂಚಿನ ರಬ್ಬರ್ ಪಟ್ಟಿ, ಪ್ರತಿ ಬೋಲ್ಟಿಗೂ ರಬ್ಬರ್ ವಾಷರ್ ಇರಲೇಬೇಕು. ಹೊರಗಡೆಯ ತಗಡಿನ ಲೂವರ್ ಫ್ಯಾನ್ ನಿಧಾನವಾಗಿ ಓಡುವಾಗ ಅರ್ಧಂಬರ್ಧ ತೆರೆದು ಪಟಪಟ ಬಡಿದುಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ‘ಫ್ಯಾನ್ ಸದ್ದು ಮಾಡುತ್ತದೆ’ ಎಂದು ದೂರುವುದು ಈ ಲೂವರಿನ ಸದ್ದನ್ನೇ. ಅದರ ಬದಲು ಕೆಳಮುಖವಾಗಿ ಬಾಗಿದ ತಗಡಿನ ಮುಚ್ಚಿಗೆಯನ್ನು ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮಾಡಿಸಿದರೆ ಮಳೆಯೂ ನಿಲ್ಲುತ್ತದೆ, ಬಡಿತವೂ ಇರುವುದಿಲ್ಲ. ಒಳಗಿನ ಗ್ರಿಲ್ ರೆಕ್ಕೆಗೆ ತೀರ ಹತ್ತಿರವಿದ್ದರೆ ಸಿಳ್ಳೆ ಹೊಡೆದಂಥ ಸದ್ದು ಬರುತ್ತದೆ, ಕೈಯಗಲ ದೂರವಿಡಿ.

ಆಯ್ಕೆಗಳು

ಮಹಡಿ ಮನೆಯಾಗಿ, ಮೆಟ್ಟಿಲು ಮನೆಯೊಳಗೇ ಇದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಮೆಟ್ಟಿಲಿನ ಮೇಲಿನ ಹೆಡ್‌ರೂಮಿನ ಗೋಡೆಗೆ ಹದಿನೆಂಟು ಇಂಚಿನ ಫ್ಯಾನ್ ಕೂರಿಸಿ. ಬಿಸಿ ಗಾಳಿ ತಾನಾಗಿ ಏರಿ ಬರುವ ಜಾಗ ಅದು. ಮಲಗುವ ಕೋಣೆಗಳಿಂದ ದೂರ, ನಡುವೆ ಒಂದು ತಿರುವು, ಸದ್ದು ಹಾಸಿಗೆಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ನಮ್ಮ ಕಡೆ ಮುಂಗಾರಿನ ಗಾಳಿ ಮಳೆ ಎರಡೂ ಪಶ್ಚಿಮ, ನೈಋತ್ಯದಿಂದ ಬರುವುದರಿಂದ ಪೂರ್ವದ ಅಥವಾ ಉತ್ತರದ ಗೋಡೆ ಆರಿಸಿ; ಫ್ಯಾನ್ ಎದುರುಗಾಳಿಯ ವಿರುದ್ಧ ಹೋರಾಡಬೇಕಾಗುವುದಿಲ್ಲ. ಪಕ್ಕದ ಮನೆಯವರು ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಅವರ ಹಾಸಿಗೆಯ ಕಡೆಗೆ ನಮ್ಮ ಮನೆಯ ಬಿಸಿ ಗಾಳಿ ಮತ್ತು ಸದ್ದನ್ನು ತಿರುಗಿಸುವುದು ತರವಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ.

ತಾರಸಿಯನ್ನೇ ಕೊರೆದು ಫ್ಯಾನ್ ಇಡೋಣ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಕಬ್ಬಿಣ ಕತ್ತರಿಸಿದ ತಾರಸಿ ಬಲ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಸೋರುತ್ತದೆ.

ಆದರೆ ದಾವಣಗೆರೆಯಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಇರುವ ಮನೆಗಳೇ ಹೆಚ್ಚು, ಮೆಟ್ಟಿಲು ಹೊರಗಡೆ. ಅಲ್ಲಿ ಹೆಡ್‌ರೂಮಿಗೂ ಮನೆಯ ಗಾಳಿಗೂ ಸಂಬಂಧವಿಲ್ಲ. ಇಂಥ ಮನೆಯಲ್ಲಿ ಹಿಂಬಾಗಿಲ ಮೇಲಿನ ವೆಂಟಿಲೇಟರ್, ಇಲ್ಲವೇ ಊಟದ ಜಾಗದಿಂದ ಹಿತ್ತಲಿಗೆ ತೆರೆಯುವ ಗೋಡೆಯ ಮೇಲ್ಭಾಗ ಒಳ್ಳೆಯ ಜಾಗ. ಸೂರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಹದಿನೆಂಟು ಇಂಚಿಗೆ ಅಲ್ಲಿ ಜಾಗ ಸಿಗದಿದ್ದರೆ ಹದಿನೈದು ಇಂಚಿನ 900 ಆರ್‌ಪಿಎಂ ತೆಗೆದುಕೊಳ್ಳಿ. ಗಾಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ. ಆಗ ಇಡೀ ಮನೆಯ ಆಸೆ ಬಿಟ್ಟು ಎರಡು ಮಲಗುವ ಕೋಣೆಗಳ ಕಿಟಕಿ ಮಾತ್ರ ತೆರೆದಿಡಿ.

ಸದ್ದನ್ನು ಕಿಂಚಿತ್ತೂ ಸಹಿಸದವರಿಗೆ ಇನ್‌ಲೈನ್ ಡಕ್ಟ್ ಫ್ಯಾನ್ ಇದೆ. ಪೈಪಿನ ನಡುವೆ ಕೂರುವ ಈ ಫ್ಯಾನನ್ನು ಸ್ನಾನದ ಮನೆಯ ಮೇಲಿನ ಅಟ್ಟದಲ್ಲೋ ಫಾಲ್ಸ್ ಸೀಲಿಂಗಿನ ಒಳಗೋ ಇಟ್ಟು, ಪ್ಯಾಸೇಜಿನಿಂದ ಗಾಳಿ ಎಳೆದು ಹೊರಗೋಡೆಗೆ ಬಿಡುತ್ತಾರೆ. ಗಾಳಿ ಎಳೆಯುವ ಬಾಯಿಗೂ ಫ್ಯಾನಿಗೂ ನಡುವೆ ಗಾಜುನಾರಿನ ಹೊದಿಕೆಯ ಬಾಗುವ ಡಕ್ಟ್ ಆರಡಿ ಇದ್ದು, ಒಂದು ತಿರುವೂ ಇದ್ದರೆ ಸದ್ದು ಅದರೊಳಗೇ ಅಡಗುತ್ತದೆ. ಹೊಸ ಪೀಳಿಗೆಯ ಅಮೆರಿಕನ್ ಹೋಲ್ ಹೌಸ್ ಫ್ಯಾನುಗಳು ಸದ್ದಿಲ್ಲದಿರುವುದು ಇದೇ ಉಪಾಯದಿಂದ: ಫ್ಯಾನನ್ನು ಪಟ್ಟಿಯಿಂದ ತೂಗುಹಾಕಿ ಉದ್ದ ಡಕ್ಟ್ ಜೋಡಿಸಿರುತ್ತಾರೆ. ತೊಂದರೆಯೆಂದರೆ ಎಂಟು ಇಂಚಿನ ಇನ್‌ಲೈನ್ ಫ್ಯಾನ್ ಎಳೆಯುವುದು ಗಂಟೆಗೆ ಸಾವಿರ ಘನ ಮೀಟರಿನ ಒಳಗೆ. ಡಕ್ಟಿನ ತಿರುವು ಅದರಲ್ಲೂ ಒಂದಿಷ್ಟನ್ನು ಕಳೆಯುತ್ತದೆ. ಒಂದು ಮಲಗುವ ಕೋಣೆಗೆ ಒಂದು ಸಾಕು, ಇಡೀ ಮನೆಗೆ ಮೂರಾದರೂ ಬೇಕು. ಖರ್ಚು ಅಲ್ಲಿ ಏರುತ್ತದೆ. ಮನೆ ಈಗ ಕಟ್ಟಿಸುತ್ತಿರುವವರು, ಫಾಲ್ಸ್ ಸೀಲಿಂಗ್ ಮಾಡಿಸುತ್ತಿರುವವರು ಇದನ್ನು ಖಂಡಿತ ಯೋಚಿಸಬೇಕು.

ಆ ಅಮೆರಿಕನ್ ಫ್ಯಾನನ್ನೇ ತರಿಸಿದರೆ? ಅಲ್ಲಿನ ಮನೆಗಳ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಎರಡಕ್ಕೂ ಒಗ್ಗುತ್ತದೆ ಎಂದು ಮೋಟಾರಿನ ಮೇಲೆಯೇ ಬರೆದಿಲ್ಲದಿದ್ದರೆ ಅದು ನಮ್ಮಲ್ಲಿ ಸುಟ್ಟುಹೋಗುತ್ತದೆ. ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಮಂಗಳೂರು ಹೆಂಚಿನ ಸೂರಿನಡಿ ಹಲಗೆಯ ಅಟ್ಟವಿರುವ ಹಳೆಯ ಮನೆಗಳಿಗೆ ಆ ವಿನ್ಯಾಸ ಹೊಂದುತ್ತದೆ. ಆದರೆ ಅಲ್ಲಿಯೂ ಇಲ್ಲಿನದೇ ಫ್ಯಾನನ್ನು ಅಟ್ಟದಲ್ಲಿ ತೂಗುಹಾಕಿಸುವುದು ಮೇಲು.

ಬಾಡಿಗೆ ಮನೆಯಲ್ಲಿರುವವರು ಗೋಡೆ ಒಡೆಯುವಂತಿಲ್ಲ. ಒಂದು ಕೋಣೆಯ ಕಿಟಕಿಗೆ ಪೆಡೆಸ್ಟಲ್ ಫ್ಯಾನನ್ನು ಹೊರಮುಖವಾಗಿ ನಿಲ್ಲಿಸಿ, ಕಿಟಕಿಯ ಉಳಿದ ಜಾಗವನ್ನು ರಟ್ಟಿನಿಂದ ಮುಚ್ಚಿ, ಮಲಗುವ ಕೋಣೆಯ ಕಿಟಕಿ ತೆರೆದಿಟ್ಟರೆ ಇದೇ ತತ್ವ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಅಡುಗೆಮನೆಯ ಪುಟ್ಟ ಪ್ಲಾಸ್ಟಿಕ್ ಎಕ್ಸಾಸ್ಟ್ ಒಗ್ಗರಣೆಯ ಘಾಟಿಗೆ ಸರಿ, ಮನೆ ತಣಿಸಲು ಸಾಲದು.

ಗೋದಾಮುಗಳ ಸೂರಿನ ಮೇಲೆ ಗಾಳಿಗೆ ತಿರುಗುವ ಉಕ್ಕಿನ ಟರ್ಬೋ ವೆಂಟಿಲೇಟರುಗಳನ್ನು ನೋಡಿರುತ್ತೀರಿ. ಕರೆಂಟಿಲ್ಲ, ಸದ್ದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದನ್ನು ನೋಡಿ ‘ನಮ್ಮೂರಲ್ಲಿ ಗಾಳಿಗೇನು ಬರ’ ಎನಿಸಬಹುದು. ಆದರೆ ಆ ಗಾಳಿ ಜೋರಾಗುವುದು ಮುಂಗಾರಿನ ತಿಂಗಳುಗಳಲ್ಲಿ. ನಮಗೆ ಬೇಕಾಗಿರುವುದು ಏಪ್ರಿಲ್‌ನ ನಿಶ್ಚಲ ರಾತ್ರಿಗೆ. ತಗಡಿನ ಶೀಟಿನ ಮನೆ, ಅಂಗಡಿಗಳಿಗೆ ಅದು ಸಹಾಯಕ, ಅಷ್ಟೇ.

ಏಸಿ ಮತ್ತು ಕೂಲರ್ ಜೊತೆ ಹೋಲಿಸಿದರೆ

ಕೂಲರ್ ನಮ್ಮ ಒಣ ಹವೆಗೆ ಹೇಳಿಮಾಡಿಸಿದ್ದು. ಹೊರಗೆ 38 ಡಿಗ್ರಿ, ತೇವಾಂಶ ಶೇ 25 ಇರುವ ಮಧ್ಯಾಹ್ನ ಒಳ್ಳೆಯ ಕೂಲರ್ 26–27 ಡಿಗ್ರಿಯ ಗಾಳಿ ಕೊಡಬಲ್ಲದು. ಈ ಫ್ಯಾನ್ ಕೈಕಟ್ಟಿ ಕೂರುವ ಹೊತ್ತು ಅದು. ಹಾಗಾಗಿ ಇವೆರಡು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ, ಜೋಡಿ. ಹಗಲು ಕೂಲರನ್ನು ಕಿಟಕಿಗೆ ಹಚ್ಚಿ, ಎಕ್ಸಾಸ್ಟನ್ನು ನಿಧಾನಗತಿಯಲ್ಲಿ ಓಡಿಸಿದರೆ ಕೂಲರಿನ ತೇವ ಕೋಣೆಯಲ್ಲಿ ಕಟ್ಟಿಕೊಂಡು ಜಿಗುಟಾಗುವುದಿಲ್ಲ. ನೀರಿನ ಪ್ರಶ್ನೆ ಇದ್ದೇ ಇದೆ. ಕೊಳವೆಬಾವಿಯ ಗಡಸು ನೀರಿಗೆ ಕೂಲರಿನ ಪ್ಯಾಡುಗಳು ಒಂದೇ ಬೇಸಿಗೆಯಲ್ಲಿ ಸುಣ್ಣಗಟ್ಟುತ್ತವೆ, ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ದಿನವೂ ಕೂಲರ್ ತುಂಬಿಸುವುದು ಭಾರವೇ.

ಏಸಿಯ ವಿಷಯಕ್ಕೆ ಬಂದರೆ, ಒಂದೂವರೆ ಟನ್ನಿನದು ಬೇಸಿಗೆಯ ಒಂದು ರಾತ್ರಿಗೆ ಆರೇಳು ಯೂನಿಟ್ ತಿನ್ನುತ್ತದೆ, ಅದೂ ಒಂದೇ ಕೋಣೆಗೆ. ಹದಿನೆಂಟು ಇಂಚಿನ ಫ್ಯಾನ್ ಇಡೀ ರಾತ್ರಿ ಪೂರ್ಣ ವೇಗದಲ್ಲಿ ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಈ ವ್ಯತ್ಯಾಸ ದೊಡ್ಡದು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಏಸಿ ಹಾಕಿದ ಮನೆ ಆ ಗೆರೆಯನ್ನು ಬೇಗ ದಾಟುತ್ತದೆ. ಹಾಗೆಂದು ಏಸಿ ಬೇಡವೇ ಬೇಡ ಎನ್ನುವುದಿಲ್ಲ. ಮನೆಯಲ್ಲಿ ಕೂಸು, ವಯಸ್ಸಾದವರು, ಹೃದ್ರೋಗಿಗಳು ಇದ್ದರೆ ಉರಿಬಿಸಿಲಿನ ಮಧ್ಯಾಹ್ನಗಳಿಗೆ ಒಂದು ಕೋಣೆಯಲ್ಲಾದರೂ ಅದು ಇರಲಿ. ಧೂಳು ಆಗದವರು, ಅಸ್ತಮಾ ಇರುವವರು ಸಹ ಈ ಫ್ಯಾನಿನಿಂದ ದೂರವಿರುವುದು ಒಳ್ಳೆಯದು. ಹೊರಗಿನ ಗಾಳಿಯ ಜೊತೆ ಪಾರ್ಥೇನಿಯಂ ಪರಾಗವೂ ಒಳಬರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ಬೀಸುವ ಕಡೆಯಿರುವ ಮನೆಗಳಿಗೂ, ಲಾರಿಗಳು ರಾತ್ರಿಯಿಡೀ ಓಡಾಡುವ ಹೆದ್ದಾರಿ ಪಕ್ಕದ ಮನೆಗಳಿಗೂ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಯಾವುದನ್ನು ಕೊಳ್ಳುವ ಮುನ್ನವೂ ತಾರಸಿಗೆ ಬಿಳಿ ಬಳಿಸಿ. ಸುಣ್ಣವಾದರೂ ಸರಿ, ಬಿಸಿಲು ತಡೆಯುವ ಬಿಳಿ ಪೇಂಟ್ ಆದರೂ ಸರಿ. ಹಗಲು ಒಳಬರುವ ಕಾವೇ ಕಡಿಮೆಯಾದರೆ ರಾತ್ರಿ ಹೊರಹಾಕಬೇಕಾದ್ದೂ ಕಡಿಮೆ, ಫ್ಯಾನಿನ ವೇಗವೂ ಕಡಿಮೆ, ಸದ್ದೂ ಕಡಿಮೆ.

ಕಿಟಕಿಯೇ ಅರ್ಧ ಫ್ಯಾನ್

ಗಾಳಿ ಹೊರಹೋಗಬೇಕಾದರೆ ಅಷ್ಟೇ ಗಾಳಿ ಒಳಬರಬೇಕು. ನಿಮಿಷಕ್ಕೆ 750 ಘನ ಅಡಿ ಗಾಳಿಗೆ ಒಂದು ಚದರಡಿ ತೆರಪು ಎಂಬುದು ಕನಿಷ್ಠ ಲೆಕ್ಕ. ನಮ್ಮ ಹದಿನೆಂಟು ಇಂಚಿನ ಫ್ಯಾನಿಗೆ ಎರಡೂವರೆ ಚದರಡಿ ಬೇಕಾಗುತ್ತದೆ. ಸೊಳ್ಳೆ ಜಾಲರಿ, ಅದರ ಮೇಲಿನ ಧೂಳು ಸೇರಿದರೆ ಐದು. ನೆಮ್ಮದಿಗೆ ಹತ್ತು ಚದರಡಿ ತೆರೆದಿಡಿ. ನಾಲ್ಕಡಿಗೆ ನಾಲ್ಕಡಿಯ ಸ್ಲೈಡಿಂಗ್ ಕಿಟಕಿ ಅರ್ಧ ತೆರೆದರೆ ಎಂಟು ಚದರಡಿಯಾಗುತ್ತದೆ, ಎರಡು ಕಿಟಕಿ ಸಾಕು. ತೆರಪು ಕಿರಿದಾದರೆ ಫ್ಯಾನ್ ಉಸಿರುಕಟ್ಟಿ ಗೊರಗೊರ ಎನ್ನುತ್ತದೆ, ಬಾಗಿಲುಗಳು ತಾವಾಗಿ ಧಡಾರನೆ ಮುಚ್ಚಿಕೊಳ್ಳುತ್ತವೆ.

ಯಾವ ಕಿಟಕಿಯಿಂದ ಎಷ್ಟು ಗಾಳಿ ಬರುತ್ತಿದೆ ಎಂದು ತಿಳಿಯಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಫ್ಯಾನ್ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಕಿಟಕಿಯ ಜಾಲರಿಯ ಬಳಿ ಹಿಡಿಯಿರಿ. ಹೊಗೆಯ ಎಳೆ ನೇರ ಮೇಲೇಳದೆ ಕೋಣೆಯೊಳಕ್ಕೆ ಮಲಗಿಕೊಂಡು ಹರಿದರೆ ಸರಿಯಾಗಿದೆ. ಹಾಸಿಗೆಯ ಪಕ್ಕ, ಬಾಗಿಲ ಬಳಿ, ಮೆಟ್ಟಿಲ ಬುಡದಲ್ಲಿ ಹೀಗೇ ಹಿಡಿಯುತ್ತ ಹೋದರೆ ಗಾಳಿಯ ದಾರಿ ಕಣ್ಣಿಗೇ ಕಾಣುತ್ತದೆ. ಸ್ನಾನದ ಮನೆಯ ನೀರು ಹೋಗುವ ಜಾಲರಿಯ ಮೇಲೂ ಹಿಡಿದು ನೋಡಿ. ಅಲ್ಲಿಂದ ಹೊಗೆ ಮೇಲಕ್ಕೆ ಚಿಮ್ಮಿದರೆ ಕೆಳಗಿನ ಟ್ರ್ಯಾಪಿನ ನೀರು ಒಣಗಿದೆ, ಚರಂಡಿಯ ನಾತ ಮನೆಗೆ ಬರುತ್ತದೆ. ಒಂದು ತಂಬಿಗೆ ನೀರು ಹುಯ್ದರೆ ಆಯಿತು.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಗ್ಯಾಸ್ ಗೀಸರ್ ಉರಿಯುವಾಗ, ಸೌದೆಯ ಹಂಡೆ ಒಲೆ ಹೊತ್ತಿಸಿರುವಾಗ ಈ ಫ್ಯಾನ್ ಹಾಕಲೇಬಾರದು. ಫ್ಯಾನಿನ ಸೆಳೆತಕ್ಕೆ ಹೊರಹೋಗಬೇಕಾದ ಹೊಗೆ ವಾಪಸ್ಸು ಮನೆಯೊಳಗೆ ಬರುತ್ತದೆ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಕಿಟಕಿ ತೆರೆದ ಮೇಲೆಯೇ ಸ್ವಿಚ್ ಹಾಕುವುದನ್ನು ಮನೆಯ ಎಲ್ಲರಿಗೂ ರೂಢಿ ಮಾಡಿಸಿ.

ಅಂಗಡಿಯಲ್ಲಿ

ಹೆಸರಿಗಿಂತ ಮೊದಲು ಅಂಕಿಗಳನ್ನು ಕೇಳಿ: ಅಗಲ, ಆರ್‌ಪಿಎಂ, ಗಂಟೆಗೆ ಎಷ್ಟು ಘನ ಮೀಟರ್, ಎಷ್ಟು ವಾಟ್. ದೊಡ್ಡ ಫ್ಯಾನುಗಳು ತ್ರೀ ಫೇಸ್‌ನಲ್ಲಿಯೂ ಬರುತ್ತವೆ, ಮನೆಗೆ ಸಿಂಗಲ್ ಫೇಸ್ ಎಂದು ಬಿಲ್ಲಿನಲ್ಲಿಯೇ ಬರೆಸಿ. ಬುಷ್ ಬೇರಿಂಗಿಗಿಂತ ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ. ಡೆಸಿಬಲ್ ಅಂಕಿ ಕೊಟ್ಟಿದ್ದರೆ ಎಷ್ಟು ದೂರದಿಂದ ಅಳೆದದ್ದು ಎಂದು ನೋಡಿ; ಒಂದು ಮೀಟರಿನ ಅಂಕಿಯನ್ನೂ ಮೂರು ಮೀಟರಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಕೊನೆಗೆ ಫ್ಯಾನನ್ನು ನೆಲದ ಮೇಲೆ ನಿಲ್ಲಿಸಿ ಓಡಿಸಿ ತೋರಿಸಲು ಹೇಳಿ. ಕೌಂಟರಿನ ಗಲಾಟೆಯಲ್ಲಿ ಸದ್ದು ತಿಳಿಯುವುದಿಲ್ಲ, ಆದ್ದರಿಂದ ಕೈ ಬಳಸಿ. ಚೌಕಟ್ಟಿನ ಹೊರ ಅಂಚಿನ ಮೇಲೆ ಬೆರಳಿಟ್ಟರೆ ಸಣ್ಣಗೆ ಜುಮ್ಮೆನ್ನುವ ಒಂದೇ ಸಮನೆಯ ಕಂಪನ ಇರಬೇಕು. ತಡೆತಡೆದು ಬಡಿದಂತಾದರೆ ರೆಕ್ಕೆಯ ಸಮತೋಲ ತಪ್ಪಿದೆ, ಅದೇ ಮಾದರಿಯ ಬೇರೊಂದನ್ನು ತೆಗೆಸಿ ನೋಡಿ. ಸ್ವಿಚ್ ಆರಿಸಿದ ಮೇಲೆ ರೆಕ್ಕೆ ನಿಧಾನವಾಗಿ ತಿರುಗುತ್ತ ತಿರುಗುತ್ತ ನಿಲ್ಲಬೇಕು. ಗಕ್ಕನೆ ನಿಂತರೆ ಬೇರಿಂಗ್ ಬಿಗಿಯಾಗಿದೆ.

ಮನೆಯ ಇನ್ವರ್ಟರ್ ಮೇಲೂ ಓಡಿಸುವ ಯೋಚನೆಯಿದ್ದರೆ ಅದು ಸೈನ್ ವೇವ್ ಆಗಿರಲಿ, ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಂಥ ಒಳ್ಳೆಯ ಮೋಟಾರೂ ಗುಂಯ್‌ಗುಡುತ್ತದೆ. ಎಲೆಕ್ಟ್ರಿಷಿಯನ್ ಬಳಿ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿ, ಸ್ವಿಚ್ಚನ್ನು ಮಲಗುವ ಕೋಣೆಯ ಹತ್ತಿರಕ್ಕೇ ತರಿಸಿ. ನಡುರಾತ್ರಿ ಚಳಿಯೆನಿಸಿದಾಗ ಮೆಟ್ಟಿಲು ಹತ್ತುವಂತಾಗಬಾರದು.

ಬೆಳಿಗ್ಗೆ ಏಳರ ಒಳಗೆ ಫ್ಯಾನ್ ನಿಲ್ಲಿಸಿ, ಕಿಟಕಿ ಪರದೆಗಳನ್ನೆಲ್ಲ ಮುಚ್ಚಿಬಿಡಿ. ರಾತ್ರಿಯಿಡೀ ತಣಿದ ಗೋಡೆಗಳು ಮಧ್ಯಾಹ್ನದವರೆಗೂ ಮನೆಯನ್ನು ಕಾಯುತ್ತವೆ. ‘ಗಾಳಿ ಬರಲಿ’ ಎಂದು ಹನ್ನೊಂದು ಗಂಟೆಗೆ ಕಿಟಕಿ ತೆರೆದರೆ ರಾತ್ರಿಯ ಕೆಲಸವೆಲ್ಲ ಹಾಳು. ಸೊಳ್ಳೆ ಜಾಲರಿಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಭದ್ರಾ ಕಾಲುವೆಯ ಗದ್ದೆಗಳ ಅಂಚಿನ ಬಡಾವಣೆಗಳಲ್ಲಿ ಭತ್ತದ ಕೊಯ್ಲಿನ ದಿನಗಳಲ್ಲಿ ವಾರಕ್ಕೊಮ್ಮೆ. ರೆಕ್ಕೆಯ ಅಂಚಿಗೆ ಧೂಳು ಒಂದೇ ಕಡೆ ಕಟ್ಟಿಕೊಂಡರೆ ಸಮತೋಲ ತಪ್ಪಿ ಸದ್ದು ಶುರುವಾಗುತ್ತದೆ, ಎರಡು ತಿಂಗಳಿಗೊಮ್ಮೆ ಎಂಸಿಬಿ ಆರಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಡಿಸೆಂಬರ್, ಜನವರಿಯಲ್ಲಿ ಒಳಬದಿಗೆ ಒಂದು ಪ್ಲೈವುಡ್ ಹಲಗೆ ಮುಚ್ಚಿದರೆ ಚಳಿಗಾಳಿಯೂ ಬರುವುದಿಲ್ಲ, ಪಾರಿವಾಳಗಳೂ ಗೂಡು ಕಟ್ಟುವುದಿಲ್ಲ.